ಖಾಸಗಿ ಪ್ರಶ್ನೆ ಕೇಳಬಾರದು

ಇಂಗ್ಲಿಷಿನಲ್ಲಿ ಕೇಳಲು ಬಾರದ ಪ್ರಶ್ನೆಗಳೇ ನನ್ನ ಬಾಯಿಗೆ ಮೊದಲು ಬರುತ್ತವೆ. ಏನು ಮಾಡುವುದು, ಹುಟ್ಟುಗುಣ. ಇಂಥದೊಂದು ಪ್ರಸಂಗ ನಡೆಯದೆ ನಮ್ಮ ರಿಸಾರ್ಟಿನಲ್ಲಿ ಒಂದು ವಾರವೂ ಕಳೆಯುವುದಿಲ್ಲ.

ನಾನು ದಾಂಡೇಲಿಯವನು. ಅಪ್ಪ ಧಾರವಾಡದ ಕಡೆಯಿಂದ ಪೇಪರ್ ಮಿಲ್ಲಿನ ಕೆಲಸಕ್ಕೆಂದು ಬಂದು ಇಲ್ಲಿಯೇ ಬೇರು ಬಿಟ್ಟರು. ನಾನೀಗ ಜೋಯಿಡಾ ರಸ್ತೆಯ ಒಂದು ರಿಸಾರ್ಟಿನಲ್ಲಿ ರಿಸೆಪ್ಶನ್ ನೋಡಿಕೊಳ್ಳುತ್ತೇನೆ. ಕಲಿತದ್ದು ಕನ್ನಡ ಶಾಲೆಯಲ್ಲಿ. ಹತ್ತಿರದ ಅಂಬಿಕಾನಗರದಲ್ಲಿ ಕರೆಂಟ್ ತಯಾರಾದರೂ ನಮ್ಮ ಓಣಿಯಲ್ಲಿ ಅದು ಹೇಗೆ ಹೋಗಿ ಬರುತ್ತದೋ, ನನ್ನ ಇಂಗ್ಲಿಷೂ ಹಾಗೆಯೇ ಹೋಗಿ ಬರುತ್ತದೆ. ಅದರ ಬಗ್ಗೆ ನನಗೆ ನಾಚಿಕೆ ಇಲ್ಲ.

ಈ ಕತೆಗಳಲ್ಲಿ ನನ್ನ ಜೊತೆ ಇನ್ನಿಬ್ಬರು ಬರುತ್ತಾರೆ. ಒಬ್ಬಳು ಅಡುಗೆಮನೆಯ ಅಕ್ಕ. ಹಳಿಯಾಳ ತಾಲೂಕಿನ ಸಿದ್ದಿ ಹೆಂಗಸು. ಇಪ್ಪತ್ತು ವರ್ಷ ಕಂಡವರ ಗದ್ದೆಯಲ್ಲಿ ನಾಟಿ ಮಾಡಿ, ಈಗ ನಮ್ಮ ಅಡುಗೆಮನೆಗೆ ಯಜಮಾನತಿ ಆಗಿದ್ದಾಳೆ. ಮಗಳು ಧಾರವಾಡದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಆ ಓದು ನಿಂತಿರುವುದು ಈ ಒಲೆಯ ಮೇಲೆ. ಇನ್ನೊಬ್ಬರು ನಮ್ಮ ಹೊಸ ಮ್ಯಾನೇಜರ್ ಸಾಹೇಬರು. ಮೂವತ್ತರ ಆಸುಪಾಸು, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರು, ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಆದರೆ ಟೈ ಕಟ್ಟಿದ ದಿನದಿಂದ ಕನ್ನಡವನ್ನು ಎಲ್ಲೋ ಗಂಟು ಕಟ್ಟಿ ಇಟ್ಟಿದ್ದರು.

ಸಾಹೇಬರು ಬಂದ ಮೊದಲ ವಾರವೇ ರಿಸೆಪ್ಶನ್ನಿನ ಗೋಡೆಗೆ ಒಂದು ಬೋರ್ಡ್ ಹಾಕಿಸಿದರು. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ. 'ಅತಿಥಿಗಳ ಖಾಸಗಿತನವನ್ನು ಗೌರವಿಸುತ್ತೇವೆ. ಖಾಸಗಿ ಪ್ರಶ್ನೆ ಕೇಳಬಾರದು.' ಪ್ರಯಾಣ ಹೇಗಿತ್ತು, ರೂಮು ಹೇಗಿದೆ, ಹವೆ ಹೇಗಿದೆ, ನಾನೇನು ಸಹಾಯ ಮಾಡಲಿ ಎಂಬ ನಾಲ್ಕು ಪ್ರಶ್ನೆಗಳನ್ನು ಮಾತ್ರ ನಮಗೆ ಬಿಟ್ಟುಕೊಟ್ಟರು. ಇದನ್ನು ಮೀರಿದರೆ ರಜಿಸ್ಟರಿನಲ್ಲಿ ನಮ್ಮ ಹೆಸರಿನ ಮುಂದೆ ಒಂದು ಕೆಂಪು ಗೆರೆ. ಮೂರು ಗೆರೆ ಬಿದ್ದರೆ ಮನೆಗೆ.

ಅಕ್ಕ ಬೋರ್ಡನ್ನು ಎರಡು ಸಲ ಓದಿದಳು. "ಹವಾ ಹೆಂಗೈತಿ ಅಂತ ಅವರನ್ನ ಯಾಕ ಕೇಳಬೇಕ್ರಿ? ಹವಾ ನಮ್ಮೂರಿಂದು. ಅವರ ನಮ್ಮನ್ನ ಕೇಳಬೇಕು," ಅಂದಳು.

೧. ಊಟ ಆತೇನ್ರಿ?

ಹಕ್ಕಿಯ ಫೋಟೋ ತೆಗೆಯಲು ಒಬ್ಬ ವಿದೇಶಿ ಹೆಣ್ಣುಮಗಳು ಬಂದಿದ್ದಳು, ಒಬ್ಬಳೇ. ಮಧ್ಯಾಹ್ನ ಮೂರಕ್ಕೆ ಕ್ಯಾಮೆರಾ ಹೊತ್ತು ಬರುವಾಗ ಎದುರಿಗೆ ವಾಚ್‌ಮನ್ ಸಿಕ್ಕ. ಎದುರಿಗೆ ಸಿಕ್ಕವರನ್ನು ನಾವು ಏನು ಕೇಳುತ್ತೇವೆ? ಅವನೂ ತನಗೆ ಬಂದ ಇಂಗ್ಲಿಷಿನಲ್ಲಿ ಊಟ ಆತೇನು ಅಂತ ಕೇಳಿದ.

ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರ ಒಂದೇ. ಹೊಟ್ಟೆಯಲ್ಲಿ ಇಲಿ ಓಡಾಡುತ್ತಿದ್ದರೂ ಆತ್ರಿ, ನಿಮ್ಮದು ಅನ್ನಬೇಕು. ಆ ಹುಡುಗಿಗೆ ಇದು ಹೇಗೆ ಗೊತ್ತಾಗಬೇಕು? ಪಾಪ, ನಿಜ ಹೇಳಿದಳು. ಇಲ್ಲ, ಇನ್ನೂ ಆಗಿಲ್ಲ.

ಇಲ್ಲ ಅಂದವರನ್ನು ಹಾಗೆಯೇ ಬಿಟ್ಟು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ವಾಚ್‌ಮನ್ ತನ್ನ ಡಬ್ಬಿ ಬಿಚ್ಚಿ ಎರಡು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟ. ತಿಂದಳು. ಹತ್ತು ಹೆಜ್ಜೆ ದಾಟಿದರೆ ತೋಟದ ಮಾಲಿ. ಅವನೂ ಕೇಳಿದ. ಎರಡು ರೊಟ್ಟಿಗೆ ಊಟ ಅನ್ನುತ್ತಾರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಸ್ವಲ್ಪ ಆಗಿದೆ ಅಂದಳು. ಸ್ವಲ್ಪ ಅಂದರೆ ಇನ್ನೂ ಕೆಟ್ಟದ್ದು. ಅವನ ಮನೆಯಿಂದ ಮೊಸರನ್ನ ಬಂತು. ರಿಸೆಪ್ಶನ್ನಿನಲ್ಲಿ ನಾನು ಸುಮ್ಮನಿದ್ದೆನೇ? ನನ್ನ ಪಾಲಿನ ಎರಡು ಬಾಳೆಹಣ್ಣು ಕೊಟ್ಟೆ. ಕೊನೆಗೆ ಅಡುಗೆಮನೆಯ ಕಿಟಕಿಯಿಂದ ಅಕ್ಕ ಕೂಗಿದಳು. ಅಷ್ಟು ಹೊತ್ತಿಗೆ ಆ ಹುಡುಗಿ ಉತ್ತರ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಉತ್ತರ ಬರಲಿಲ್ಲ ಅಂದರೆ ಹಸಿವೆ ಜೋರಾಗಿದೆ ಅಂತ ತಿಳಿದ ಅಕ್ಕ ಎಲೆ ತುಂಬ ಅನ್ನ, ಮೀನಿನ ಸಾರು ಬಡಿಸಿ, ಎದುರಿಗೆ ಕೂತು ಉಣ್ಣಿಸಿದಳು.

ಸಂಜೆ ಮ್ಯಾನೇಜರ್ ಸಾಹೇಬರು ವಿಚಾರಿಸಿದರು. ವಾಚ್‌ಮನ್, ಮಾಲಿ, ನಾನು ಮೂವರೂ ಮುಗುಮ್ಮಾಗಿ ನಿಂತೆವು. ಎಲ್ಲ ನಾನೇ ಕೇಳಿದ್ದು ಅಂತ ಅಕ್ಕ ಮೈಮೇಲೆ ಹಾಕಿಕೊಂಡಳು. ಮೊದಲ ಗೆರೆ ಬಿತ್ತು. ನಮ್ಮ ಮೂವರ ಗಂಡಸುತನದ ಬಗ್ಗೆ ಹೆಚ್ಚು ಹೇಳುವುದು ಬೇಡ.

ಮರುದಿನ ಬೆಳಿಗ್ಗೆ ಅದೇ ಹುಡುಗಿ ಕ್ಯಾಮೆರಾ ಹಿಡಿದು ಹೊರಟಳು. ಅಷ್ಟು ದೂರದಲ್ಲಿ ವಾಚ್‌ಮನ್ ಕಂಡದ್ದೇ ತಡ, ಎರಡೂ ಕೈ ಮೇಲೆತ್ತಿ ನಿಂತು ಕೂಗಿದಳು. "ಊಟ ಆತು! ಊಟ ಆತು!" ಆಗ ಬೆಳಗಿನ ಆರೂವರೆ.

೨. ದೂರ ಹೊಂಟ್ರೇನ್ರಿ?

ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ಹೋದ ಕೆಲಸ ಕೆಡುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಾರೆ. ಹಾಗಂತ ಕೇಳದೆ ಇರಲೂ ಆಗುವುದಿಲ್ಲ. ಅದಕ್ಕೇ ದೂರ ಹೊಂಟ್ರೇನು ಅಂತ ಕೇಳುತ್ತೇವೆ. ಶಕುನವೂ ಕೆಡುವುದಿಲ್ಲ, ಸುದ್ದಿಯೂ ಸಿಗುತ್ತದೆ. ಇಷ್ಟು ನಾಜೂಕಾದ ಪ್ರಶ್ನೆ ಇಂಗ್ಲಿಷಿನಲ್ಲಿ ಇದ್ದರೆ ಯಾರಾದರೂ ನನಗೆ ತೋರಿಸಲಿ, ಅವರಿಗೆ ಒಂದು ಕಪ್ ಚಹಾ ನನ್ನ ಲೆಕ್ಕದಲ್ಲಿ.

ಮುಂಬಯಿಯಿಂದ ಒಬ್ಬ ವಕೀಲರು ಬಂದಿದ್ದರು. ಬೆಳಿಗ್ಗೆ ತಮ್ಮ ಕಾರು ಹೊರಗೆ ತೆಗೆಯುವಾಗ, ಅಕ್ಕ ತರಕಾರಿ ಬುಟ್ಟಿ ಹಿಡಿದು ಗೇಟಿನ ಒಳಗೆ ಬರುತ್ತಿದ್ದಳು. ನಗುತ್ತ, "ಫಾರ್ ಗೋಯಿಂಗ್, ಸಾರ್?" ಅಂದಳು. ವಕೀಲರು ಗಾಡಿ ನಿಲ್ಲಿಸಿ, ಇಳಿದು, ಒಳಗೆ ಬಂದು, ತಾವು ದೂರ ಹೋಗುವುದೂ ಹತ್ತಿರ ಹೋಗುವುದೂ ತಮ್ಮ ಖಾಸಗಿ ವಿಷಯ ಎಂದು ಒಂದು ಪುಟದ ದೂರು ಬರೆದುಕೊಟ್ಟು ಹೋದರು. ಅಕ್ಕನಿಗೆ ಎರಡನೆಯ ಗೆರೆ ಬಿತ್ತು.

ಮಧ್ಯಾಹ್ನ ಊಟಕ್ಕೆ ಅವರು ಬರಲಿಲ್ಲ. ನಾಲ್ಕು ಗಂಟೆಗೂ ಬರಲಿಲ್ಲ. ಜೋಯಿಡಾ ದಾಟಿದರೆ ಫೋನು ಹತ್ತುವುದಿಲ್ಲ. ಎಲ್ಲಿಗೆ ಹೋಗಿದ್ದಾರೆ ಅಂತ ಸಾಹೇಬರು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ಅದು ಖಾಸಗಿ ವಿಷಯ ಸರ್ ಅಂತ ನಾನೂ ಇಂಗ್ಲಿಷಿನಲ್ಲಿಯೇ ಹೇಳಿದೆ.

ಜೀಪು ತೆಗೆದುಕೊಂಡು ನಾನು, ವಾಚ್‌ಮನ್ ಹೊರಟೆವು. ಮೊದಲು ಸಿಕ್ಕ ಚಹಾದ ಅಂಗಡಿಯವನು ಹೌದ್ರಿ, ಬಂದಿದ್ದರು, ದೂರ ಹೊಂಟ್ರೇನು ಅಂತ ಕೇಳಿದೆ, ಮಾರಿ ಗಂಟು ಹಾಕಿಕೊಂಡು ಜೋಯಿಡಾ ಕಡೆ ಹೋದರು ಅಂದ. ಜೋಯಿಡಾದಲ್ಲಿ ಗೆಣಸು ಮಾರುವ ಮುದುಕಿ ಕೊಂಕಣಿಯಲ್ಲಿ ಅದನ್ನೇ ಕೇಳಿದ್ದಳಂತೆ. ಅವಳು ಎಡಗಡೆಯ ರಸ್ತೆ ತೋರಿಸಿದಳು. ಮುಂದೆ ಬಸ್ಸಿಗೆ ಕಾಯುತ್ತಿದ್ದ ಮಾಸ್ತರರು ಕೆರೆಯ ಕಡೆಗೆ ಕೈ ಮಾಡಿದರು. ಕತ್ತಲಾಗುವ ಮೊದಲೇ ವಕೀಲರು ಸಿಕ್ಕರು. ಕಾರು ಕೆಸರಿನಲ್ಲಿ ಹೂತಿತ್ತು, ಅವರು ಬಾನೆಟ್ಟಿನ ಮೇಲೆ ಕೂತಿದ್ದರು.

ಇಷ್ಟು ಜನರಿಗೆ ವಕೀಲರ ನೆನಪು ಹೇಗೆ ಉಳಿಯಿತು ಅಂತ ಮಾಸ್ತರರನ್ನು ನಾನು ತಿರುಗಿ ಬರುವಾಗ ಕೇಳಿದೆ. "ಉತ್ತರ ಕೊಟ್ಟವರನ್ನ ಮರೀತೇವ್ರಿ. ಕೊಡದವರನ್ನ ಹೆಂಗ ಮರೀಬೇಕು?" ಅಂದರು.

ರೂಮು ಬಿಡುವ ದಿನ ವಕೀಲರು ತಾವಾಗಿಯೇ ಅಡುಗೆಮನೆಯ ಬಾಗಿಲಿಗೆ ಬಂದರು. ಇಲ್ಲಿಂದ ಹುಬ್ಬಳ್ಳಿಗೆ, ಅಲ್ಲಿಂದ ವಿಮಾನದಲ್ಲಿ ಮುಂಬಯಿಗೆ, ಅಲ್ಲಿಂದ ಟ್ಯಾಕ್ಸಿ, ಮನೆ ಐದನೆಯ ಮಹಡಿ, ಹೆಂಡತಿ ತವರಿಗೆ ಹೋಗಿದ್ದಾಳೆ, ಬೀಗದ ಕೈ ಪಕ್ಕದ ಮನೆಯಲ್ಲಿದೆ ಅಂತ ಎಲ್ಲ ವಿವರವಾಗಿ ಹೇಳಿದರು. ಅಕ್ಕ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಅಂದರೂ ಸಾಹೇಬರು ಗೆರೆ ಅಳಿಸಲಿಲ್ಲ. ರಜಿಸ್ಟರಿನಲ್ಲಿ ಬಿದ್ದದ್ದು ಬಿದ್ದಂತೆ.

೩. ನೀವು ಎಷ್ಟನೆಯವರು?

ಇದು ನನ್ನದೇ ಮರ್ಯಾದೆ ಹೋದ ಕತೆ. ಹೇಳದೆ ಬಿಟ್ಟರೆ ಬರೀ ಬೇರೆಯವರ ಹುಳುಕು ಹೇಳಿದಂತಾಗುತ್ತದೆ.

ಮುಂಡಗೋಡದಲ್ಲಿ ನನ್ನ ತಂಗಿಯ ಮನೆ. ಸಂತೆಯ ದಿನ ಅಲ್ಲಿಂದ ತಿರುಗಿ ಬರಲು ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಲ್ಲಿಯ ಟಿಬೆಟನ್ ಕ್ಯಾಂಪಿನ ಒಬ್ಬ ವಯಸ್ಸಾದ ಸನ್ಯಾಸಿಗಳು ಕೂತಿದ್ದರು. ಇಬ್ಬರಿಗೂ ಹೊತ್ತು ಹೋಗಬೇಕು. ರಿಸೆಪ್ಶನ್ನಿನವನಲ್ಲವೇ ನಾನು, ಇಂಗ್ಲಿಷಿನಲ್ಲಿ ಶುರು ಮಾಡಿದೆ. ಮನೆಯಲ್ಲಿ ಅವರು ಎಷ್ಟನೆಯ ಮಗ ಅಂತ ಕೇಳಬೇಕಾಗಿತ್ತು.

ಕನ್ನಡದಲ್ಲಿ ಅದು ಎರಡು ಮಾತು. ಇಂಗ್ಲಿಷಿನಲ್ಲಿ ನಾನು ಅವರ ತಂದೆಯಿಂದ ಹೊರಟೆ. ತಂದೆಗೆ ಮದುವೆ ಮಾಡಿದೆ, ತಾಯಿಯನ್ನು ಕರೆತಂದೆ, ಮಕ್ಕಳನ್ನು ಒಬ್ಬೊಬ್ಬರಾಗಿ ಬೆರಳು ಮಡಚಿ ಹುಟ್ಟಿಸಿದೆ, ಅವರಲ್ಲಿ ಯಾವ ಬೆರಳು ನೀವು ಅಂತ ಕೈ ಮುಂದೆ ಚಾಚಿದೆ. ಅವರು ಬಹಳ ಶಾಂತವಾಗಿ ಕೇಳಿಸಿಕೊಂಡರು. ಬೆವರು ಒರೆಸಿಕೊಂಡು ಇನ್ನೊಮ್ಮೆ ಮೊದಲಿನಿಂದ ಶುರು ಮಾಡಿದೆ. ಅದನ್ನೂ ಕೇಳಿಸಿಕೊಂಡರು.

ಎಲ್ಲ ಮುಗಿದ ಮೇಲೆ ನನ್ನ ಮಡಚಿದ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಮುಂಡಗೋಡದ ಅಚ್ಚ ಕನ್ನಡದಲ್ಲಿ ಹೇಳಿದರು. "ನಾ ಮೂರನೇದವ್ರಿ. ನಿಮ್ಮ ಬಸ್ ಹೋತ ನೋಡ್ರಿ. ನೀವು ನಮ್ಮವ್ವನ ಮದಿವಿ ಮಾಡೂ ಹೊತ್ತಿನ್ಯಾಗ ಬಂದಿತ್ತು."

೪. ಅದಕ್ಕೂ ಮೊದಲ?

ಬೆಂಗಳೂರಿನಿಂದ ಬಂದ ಒಬ್ಬ ಯುವಕ ಅಕ್ಕನನ್ನು ಕಂಡಕೂಡಲೇ ನೀವು ಎಲ್ಲಿಯವರು ಅಂತ ಇಂಗ್ಲಿಷಿನಲ್ಲಿ ಕೇಳಿದ. ನಾನು ನಡುವೆ ನಿಂತು ಕನ್ನಡ ಮಾಡಿ ಹೇಳುತ್ತಿದ್ದೆ. ನಮ್ಮ ಬೋರ್ಡು ನಮಗೆ ಮಾತ್ರ, ಅತಿಥಿಗಳು ಏನು ಬೇಕಾದರೂ ಕೇಳಬಹುದು.

ಹಳಿಯಾಳ ಅಂದಳು ಅಕ್ಕ. ಅಲ್ಲ, ಮೂಲದಲ್ಲಿ ಎಲ್ಲಿಯವರು ಅಂದ. ಹಾಗೆ ಕೇಳಿದರೆ ಸಾಂಬ್ರಾಣಿಯ ಹತ್ತಿರ, ಹಳಿಯಾಳ ಅಂದರೆ ಎಲ್ಲರಿಗೂ ತಿಳಿಯುತ್ತದೆ ಅಂತ ಹಾಗೆ ಹೇಳಿದೆ ಅಂದಳು. ಅವನು ಅವಳ ಗುಂಗುರು ಕೂದಲು ನೋಡಿ, ಅದಕ್ಕೂ ಮೊದಲು ಅಂದ. ಅಕ್ಕ ಸ್ವಲ್ಪ ಯೋಚಿಸಿದಳು.

"ಅದಕ್ಕೂ ಮೊದಲ ಯಲ್ಲಾಪುರ ಕಡಿ ಇದ್ದೆ. ಮದಿವಿ ಆಗಿ ಇಲ್ಲಿಗೆ ಬಂದೆ."

ಅವನಿಗೆ ಬೇಕಾಗಿದ್ದ ಉತ್ತರ ಅದಲ್ಲ ಅಂತ ನನಗೂ ಗೊತ್ತು, ಅಕ್ಕನಿಗೂ ಗೊತ್ತು. ಸಮುದ್ರದ ಆಚೆಯ ಆಫ್ರಿಕಾದ ಕತೆಯನ್ನು ಅವಳ ಹತ್ತಿರ ಬಹಳ ಜನ ಕೇಳಿದ್ದಾರೆ, ಅವಳ ಅಜ್ಜನ ಅಜ್ಜ ಉತ್ತ ಹೊಲದ ಕತೆಯನ್ನು ಯಾರೂ ಕೇಳಿಲ್ಲ. ನೆಲ ಯಾರದು ಅಂದರೆ ಬೆವರು ಸುರಿಸಿದವರದು. ಆ ಲೆಕ್ಕದಲ್ಲಿ ನನಗಿಂತ ಅವಳು ಇಲ್ಲಿಗೆ ಹಳಬಳು. ನಮ್ಮಪ್ಪ ಬಂದದ್ದು ಮೊನ್ನೆ ಮೊನ್ನೆ, ಮಿಲ್ಲಿನ ಭೋಂಗಾದ ಕೂಗು ಕೇಳಿ.

ಈಗ ಅಕ್ಕ ಕೇಳಿದಳು, ನಿಮ್ಮದು ಯಾವ ಊರು ಅಂತ. ನಾನು ಎರಡು ಗೆರೆಯ ನೆನಪಾಗಿ ಬೇಡ ಅಂತ ಕಣ್ಸನ್ನೆ ಮಾಡಿದೆ. ಅವಳು ನೋಡಲಿಲ್ಲ. ಅವನು ಬೆಂಗಳೂರು ಅಂದ. ಮೂಲದಲ್ಲಿ ಅಂದಳು. ತಲೆ ಕೆರೆದುಕೊಂಡ. ಅಪ್ಪನಿಗೆ ಫೋನು ಹಚ್ಚಿದ. ಅಪ್ಪನಿಗೂ ಗೊತ್ತಿರಲಿಲ್ಲ. ಅವರು ತುಮಕೂರಿನ ಯಾರೋ ಸೋದರತ್ತೆಯನ್ನು ಕೇಳಿ ಹೇಳುತ್ತೇನೆ ಅಂದರಂತೆ. ಆ ದಿನ ಅವನು ನದಿಗೆ ಇಳಿಯಲಿಲ್ಲ, ಕಾಡಿಗೆ ಹೋಗಲಿಲ್ಲ, ಫೋನು ಹಿಡಿದೇ ಕೂತ. ಸಂಜೆ ಅಡುಗೆಮನೆಗೆ ಓಡಿ ಬಂದ. ಸಿಕ್ಕಿತು, ಹಿರೇಕೆರೂರಿನ ಹತ್ತಿರ ಒಂದು ಹಳ್ಳಿ, ಅಲ್ಲಿ ನಮ್ಮ ಮುತ್ತಜ್ಜನ ಬಾವಿ ಇನ್ನೂ ಇದೆಯಂತೆ ಅಂತ ಕನ್ನಡದಲ್ಲಿಯೇ ಹೇಳಿದ. ಅವನ ಕಣ್ಣಲ್ಲಿ ನೀರಿತ್ತು.

ಅಕ್ಕ ಸಂತೋಷಪಟ್ಟಳು. ಆಮೇಲೆ ಕೇಳಿದಳು. "ಅದಕ್ಕೂ ಮೊದಲ?"

೫. ಯಾರ ಪೈಕಿ?

ಒಂದು ಬುಧವಾರ ಧಾರವಾಡದ ಕಡೆಯಿಂದ ಒಬ್ಬ ಯಜಮಾನರು, ಅವರ ಹೆಂಡತಿ, ಹೆಂಡತಿಯ ತಮ್ಮ ಹೀಗೆ ಮೂವರು ಬಂದು ಇಳಿದರು. ನದಿ ನೋಡಲಿಲ್ಲ, ಕ್ಯಾಮೆರಾ ಇರಲಿಲ್ಲ. ರಿಸೆಪ್ಶನ್ನಿನಲ್ಲಿಯೇ ಕೂತು ಹೋಗುವ ಬರುವ ನಮ್ಮ ಮ್ಯಾನೇಜರ್ ಸಾಹೇಬರನ್ನು ಮೇಲಿನಿಂದ ಕೆಳಗಿನ ತನಕ ನೋಡುತ್ತಿದ್ದರು. ಚಹಾ ಕೊಡಲು ಬಂದ ಅಕ್ಕ ಒಂದೇ ನೋಟಕ್ಕೆ ಹಿಡಿದಳು. ಒಳಗೆ ಹೋಗಿ ನನ್ನನ್ನು ಕರೆದು, "ಇವರು ಹಕ್ಕಿ ನೋಡಾಕ ಬಂದವರಲ್ಲ, ವರ ನೋಡಾಕ ಬಂದವರು," ಅಂದಳು.

ಸಾಹೇಬರ ತಾಯಿ ಮಗನಿಗೆ ಹೆಣ್ಣು ಹುಡುಕುತ್ತಿದ್ದದ್ದು ನಮಗೆಲ್ಲ ಗೊತ್ತಿತ್ತು. ನಾಲ್ಕು ಸಂಬಂಧ ಬಂದು ತಪ್ಪಿಹೋಗಿದ್ದವು. ಐದನೆಯದು ಹೇಳದೆ ಕೇಳದೆ ಬಂದು ಸೋಫಾದ ಮೇಲೆ ಕೂತಿತ್ತು. ಸಾಹೇಬರಿಗೆ ಮಾತ್ರ ಇದರ ಗಂಧಗಾಳಿ ಇಲ್ಲ.

ಯಜಮಾನರು ಬಹಳ ಮರ್ಯಾದೆಯಿಂದ ಶುರು ಮಾಡಿದರು. ತಮ್ಮದು ಯಾವ ಊರು ಅಂದರು. ತಾನು ಆತಿಥ್ಯ ಕ್ಷೇತ್ರದಿಂದ ಬಂದವನು ಅಂತ ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದರು. ಹುಬ್ಬಳ್ಳಿಯಲ್ಲಿ ಯಾರ ಪೈಕಿ, ಯಾವ ಮನೆತನ ಅಂದರು. ಸಾಹೇಬರು ಹವೆ ಬಹಳ ಚೆನ್ನಾಗಿದೆ ಅಲ್ಲವೇ ಅಂದರು. ಅಣ್ಣ ತಮ್ಮ ಎಷ್ಟು ಜನ ಅಂತ ಮೈದುನ ಕೇಳಿದಾಗ ಸಾಹೇಬರು ನಗುತ್ತ ಗೋಡೆಯ ಬೋರ್ಡ್ ತೋರಿಸಿ ಒಳಗೆ ಹೋದರು. ಮೂವರೂ ಎದ್ದು ನಿಂತು ಬೋರ್ಡ್ ಓದಿದರು. ಯಜಮಾನರು ಚೀಲ ತರಲು ರೂಮಿಗೆ ಹೋದರು.

ಅವರ ಹೆಂಡತಿ ಮಾತ್ರ ಖಾಲಿ ಕಪ್ಪು ಕೊಡುವ ನೆಪದಲ್ಲಿ ಅಡುಗೆಮನೆಗೆ ಬಂದಳು. "ಇಂವಗ ಮಗಳನ್ನ ಕೊಟ್ರ ಜನ್ಮಪೂರ್ತಿ ಅಕಿ ಜೋಡಿ ಹವಾದ್ದ ಮಾತಾಡತಾನೇನವಾ?" ಅಂತ ಅಕ್ಕನನ್ನು ಕೇಳಿದಳು.

ನಾನು ಬಾಗಿಲಲ್ಲಿ ನಿಂತಿದ್ದೆ. ಒಂದು ಮಾತು ಸಾಕಾಗಿತ್ತು. ಅಕ್ಕ ಬರೀ ಮೂಗು ಮುರಿದಿದ್ದರೂ ಐದನೆಯ ಸಂಬಂಧವೂ ಚೀಲ ಹೊತ್ತು ಗೇಟು ದಾಟುತ್ತಿತ್ತು. ನಾನಾಗಿದ್ದರೆ ಎರಡೂ ಗೆರೆಗಳ ಸೇಡು ತೀರಿಸಿಕೊಳ್ಳುತ್ತಿದ್ದೆ, ಸುಳ್ಳೇಕೆ ಹೇಳಲಿ. ಅಕ್ಕ ಆ ತಾಯಿಗೆ ಮಣೆ ಹಾಕಿ ಕೂರಿಸಿದಳು.

ವಾಚ್‌ಮನ್‌ಗೆ ಜ್ವರ ಬಂದಾಗ ಸಾಹೇಬರು ತಮ್ಮದೇ ಕಾರಿನಲ್ಲಿ ಅವನನ್ನು ಹಳಿಯಾಳಕ್ಕೆ ಒಯ್ದದ್ದು ಹೇಳಿದಳು. ದಿನಾ ಸಂಜೆ ಹಿತ್ತಲಲ್ಲಿ ನಿಂತು ತಾಯಿಗೆ ಫೋನು ಮಾಡುವುದು, ಆಗ ಎಲ್ಲಿಲ್ಲದ ಕನ್ನಡ ಬರುವುದು ಹೇಳಿದಳು. ಬೀಡಿ ಸಿಗರೇಟು ಇಲ್ಲ, ಕುಡಿತವಿಲ್ಲ. "ಸಿಟ್ಟು ಐತ್ರಿ. ಆದ್ರ ಎರಡು ರೊಟ್ಟಿ ಒಳಗ ಹೋದ್ರ ಇಳೀತದ. ಟೈ ಒಂದ ಬಿಗಿ ಆಗೇತಿ, ಮನಶ್ಯಾ ಚಲೋ," ಅಂದಳು. ಕೇಳಿದ್ದಕ್ಕೆಲ್ಲ ಹೇಳಿ, ತಾನೂ ಕೇಳಲು ಶುರು ಮಾಡಿದಳು. ಹುಡುಗಿ ಏನು ಕಲಿತಿದ್ದಾಳೆ, ಎಷ್ಟನೆಯವಳು, ಸಿಟ್ಟು ಅವಳಿಗೂ ಐತೇನು. ಬಾಯಿದ್ದವ ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಅಕ್ಕನ ಬಾಯಿ ಆ ಹೊತ್ತಿನಲ್ಲಿ ಬೇರೆಯವರ ಬದುಕು ನಡೆಸುತ್ತಿತ್ತು.

ಸರಿಯಾಗಿ ಆಗಲೇ ಸಾಹೇಬರು ಒಳಗೆ ಬಂದರು. ಅತಿಥಿ ನೆಲದ ಮೇಲಿನ ಮಣೆಯಲ್ಲಿ, ಅಕ್ಕನ ಬಾಯಲ್ಲಿ ಪ್ರಶ್ನೆ. ನೆಟ್ಟಗೆ ಹೋಗಿ ರಜಿಸ್ಟರ್ ತೆಗೆದು ಮೂರನೆಯ ಗೆರೆ ಎಳೆದರು. ತಿಂಗಳು ಮುಗಿದ ಮೇಲೆ ಬರಬೇಡ ಅಂತ ಹೇಳು ಅಂತ ನನಗೆ ಹೇಳಿದರು. ನಾನು ಹೇಳಲಾರದೆ ಹೇಳಿದೆ. ಅಕ್ಕ ಒಲೆಗೆ ಇನ್ನೊಂದು ಕಟ್ಟಿಗೆ ದೂಡಿದಳು. ಮಗಳಿಗೆ ಇನ್ನೂ ಒಂದು ವರ್ಷದ ಓದು ಬಾಕಿ ಇತ್ತು. ಆದರೂ ಎದುರು ಮಾತಾಡುವ ಧೈರ್ಯ ಆ ದಿನವೂ ನನಗೆ ಬರಲಿಲ್ಲ.

ಮುಂದಿನ ಸೋಮವಾರ ಮಧ್ಯಾಹ್ನ ಸಾಹೇಬರಿಗೆ ತಾಯಿಯ ಫೋನು ಬಂತು. ರಿಸೆಪ್ಶನ್ನಿನಲ್ಲಿಯೇ ನಿಂತು ಮಾತಾಡಿದರು. ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು, ಆಮೇಲೆ ಯಾವ ಬಣ್ಣ ಅಂತ ಹೇಳಲು ನನಗೆ ಬರುವುದಿಲ್ಲ. ಹೆಣ್ಣಿನ ಕಡೆಯವರು ಒಪ್ಪಿದ್ದಾರಂತೆ. ಹುಡುಗನ ಮಾತು ಕೇಳಿ ಎದ್ದು ಹೊರಟಿದ್ದೆವು, ಅಲ್ಲಿ ಅಡುಗೆಮನೆಯಲ್ಲಿ ಒಬ್ಬ ಅಕ್ಕ ಇದ್ದಾಳೆ, ಅವಳ ಮಾತಿನ ಮೇಲೆ ಮಗಳನ್ನು ಕೊಡುತ್ತೇವೆ ಅಂದರಂತೆ.

ಸಾಹೇಬರು ನಿಧಾನವಾಗಿ ಅಡುಗೆಮನೆಯ ಕಡೆಗೆ ನಡೆದರು. ನಾನು ಹಿಂದೆ ಹೋಗದೆ ಇರುತ್ತೇನೆಯೇ? ಹೊಸ್ತಿಲ ಆಚೆ ನಿಂತು ಟೈ ಸಡಿಲ ಮಾಡಿಕೊಂಡರು. ಗಂಟು ಕಟ್ಟಿ ಇಟ್ಟಿದ್ದ ಕನ್ನಡ ಮೆಲ್ಲಗೆ ಬಿಚ್ಚಿತು.

"ಅಕ್ಕಾ, ಅವರು ಏನೇನ ಕೇಳಿದ್ರು? ಹುಡುಗಿ ಹೆಂಗದಾಳಂತ?"

ಅಕ್ಕ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. ತಿರುಗಿಯೂ ನೋಡಲಿಲ್ಲ.

"ಅದು ಖಾಸಗಿ ಪ್ರಶ್ನಿ ಆತಲ್ರಿ ಸಾಹೇಬ್ರ. ಬೋರ್ಡ್ ಓದಿಲ್ಲೇನು?"

ಸಾಹೇಬರು ತಿರುಗಿ ಹೋದರು. ನಾನು ನಗು ತಡೆಯಲು ಬಾಯಿಗೆ ಕೈ ಒತ್ತಿ ನಿಂತೆ. ಸ್ವಲ್ಪ ಹೊತ್ತಿಗೆ ಗೋಡೆಯಿಂದ ಮೊಳೆ ಕೀಳುವ ಸದ್ದು ಬಂತು. ಒಂದು ಕಂಕುಳಲ್ಲಿ ಬೋರ್ಡ್, ಇನ್ನೊಂದರಲ್ಲಿ ರಜಿಸ್ಟರ್ ಇಟ್ಟುಕೊಂಡು ಮತ್ತೆ ಬಂದು ನಿಂತರು. ಅಕ್ಕನ ಹೆಸರಿದ್ದ ಹಾಳೆ ಹರಿದು ಒಲೆಗೆ ಹಾಕಿದರು. ಬೋರ್ಡನ್ನು ಅವಳ ಕಾಲ ಬಳಿ ಮಗುಚಿ ಇಟ್ಟರು. ಈಗಾದರೂ ಕೇಳಬಹುದೇನಕ್ಕಾ ಅಂದರು.

ಅಕ್ಕ ಮಗುಚಿದ ಬೋರ್ಡನ್ನು ಸೆರಗಿನಿಂದ ಒರೆಸಿ, ಇದರ ಮೇಲೆ ಕೂಡ್ರಿ ಅಂತ ಅವರ ಮುಂದೆ ಸರಿಸಿದಳು.

"ಕೇಳೀರಂತ. ಮೊದಲ ಹೇಳ್ರಿ, ಊಟ ಆತೇನು?"

ಸಾಹೇಬರು ನಮ್ಮವರೇ, ಹುಬ್ಬಳ್ಳಿಯವರು. ಬೆಳಿಗ್ಗೆಯಿಂದ ಒಂದು ಚಹಾ ಬಿಟ್ಟರೆ ಏನೂ ತಿಂದಿರಲಿಲ್ಲ. ಆದರೂ ನೆಟ್ಟಗೆ ಕೂತು, ನಾವೆಲ್ಲ ಹೇಳುವ ಹಾಗೆಯೇ ಹೇಳಿದರು.

"ಆತಕ್ಕಾ. ನಿಮ್ಮದು?"

ಅಕ್ಕ ನಂಬಲಿಲ್ಲ. ನಾಲ್ಕು ರೊಟ್ಟಿ ಹಾಕಿದಳು.